ನೀರಿಗೆ ಬಿಟ್ಟ ಪುಸ್ತಕ

ಆ ಪುಸ್ತಕವನ್ನು ಕಾಲುವೆಗೆ ಬಿಟ್ಟವಳು ನಾನು. ಅಪವಾದ ಹೊತ್ತವನು ನನ್ನ ತಮ್ಮ.

ತೊಂಬತ್ತರ ದಶಕದ ಕೊನೆ. ತಮ್ಮ ವಿಲಾಯತಿಯಲ್ಲಿ, ಕೆಂಟನ್ ಎಂಬ ಬಡಾವಣೆಯ ಹತ್ತಿರದ ಒಂದು ಸಿನಗಾಗಿನಲ್ಲಿ, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಕೇರ್‌ಟೇಕರ್ ಆಗಿದ್ದ. ನಾನು ಅಲ್ಲೇ ಕಸ ಗುಡಿಸಿ ಚಹಾ ಮಾಡುತ್ತಿದ್ದೆ. ಆ ಹಳೆಯ ಬೆಂಚುಗಳನ್ನು ಹೊಳೆಯುವಂತೆ ಒರೆಸುವುದೆಂದರೆ ನನಗೆ ಖುಷಿ. ಓದಿದ್ದು ಧಾರವಾಡದಲ್ಲಿ ನಾಲ್ಕನೇ ಇಯತ್ತೆ. ಇಂಗ್ಲಿಷ್ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಮೆಟ್ಟಿಲ ಕೆಳಗೆ ಒಂದು ಚೀಲದ ತುಂಬ ಹರಿದ ಪ್ರಾರ್ಥನೆ ಪುಸ್ತಕಗಳಿದ್ದವು. ದೇವರ ಹೆಸರಿರುವ ಹಾಳೆಯನ್ನು ಅವರು ಕಸಕ್ಕೆ ಹಾಕುವುದಿಲ್ಲ, ಸ್ಮಶಾನದಲ್ಲಿ ಹೂಳುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ. ಪೊರಕೆಯ ಪಕ್ಕದಲ್ಲಿ ದೇವರ ಪುಸ್ತಕ ಬಿದ್ದಿದೆಯಲ್ಲ ಎಂದು ಸಂಕಟವಾಗುತ್ತಿತ್ತು. ತಮ್ಮ ಜ್ವರ ಬಂದು ಮಲಗಿದ್ದ ಒಂದು ದಿನ ಚೀಲ ಎತ್ತಿದೆ. ಮೇಜಿನ ಮೇಲೆ ಅದೇ ಲಿಪಿಯ, ರಟ್ಟು ಕಿತ್ತ ಇನ್ನೊಂದು ಪುಸ್ತಕ ಕಂಡಿತು. ಅದನ್ನೂ ಸೇರಿಸಿದೆ. ಬಸ್ಸಿನಲ್ಲಿ ಆಲ್ಪರ್ಟನ್ ಕಾಲುವೆಗೆ ಹೋಗಿ, ಅರಿಷಿಣ ಕುಂಕುಮ ಏರಿಸಿ, ಹಳೆಯ ದೇವರ ಪಟ ಬಿಡುವ ಹಾಗೆ ಒಂದೊಂದಾಗಿ ನೀರಿಗೆ ಬಿಟ್ಟೆ.

ರಟ್ಟು ಕಿತ್ತ ಆ ಪುಸ್ತಕ, ಸಿನಗಾಗ್ ಕಟ್ಟಿದವರು ಕೈಯಾರೆ ಬರೆದಿಟ್ಟ ಅದರ ಚರಿತ್ರೆ. ಇದ್ದದ್ದು ಅದೊಂದೇ ಪ್ರತಿ. ಅದು ಕಾಣದೆ ಹಿರಿಯರು ನನ್ನನ್ನು ಕೇಳಿದಾಗ ಗೊತ್ತಿಲ್ಲವೆಂದು ತಲೆಯಾಡಿಸಿದೆ. ಕಟ್ಟಡದ ಹೊಣೆ ತಮ್ಮನದು. ಅವನ ಕೈಯಿಂದ ಆಫೀಸಿನ ಕೀಲಿ ವಾಪಸ್ ತೆಗೆದುಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕೊನೆಗೆ ನೆನಪಿನಿಂದಲೇ ಚರಿತ್ರೆ ಬರೆಯೋಣವೆಂದು ಹಿರಿಯರು ಒಂದು ಭಾನುವಾರ ಸೇರಿದರು. ಚಹಾ ಕೊಡುತ್ತ ನಾನೂ ಕೇಳಿದೆ. ಪೋಲೆಂಡಿನಿಂದ ಬಂದ ಅವರ ಅಪ್ಪಂದಿರು ಈಸ್ಟ್ ಎಂಡ್ ಎಂಬ ಬಡಕೇರಿಯಲ್ಲಿ ಕೋಟು ಹೊಲಿದವರು. ಟ್ಯೂಬ್ ರೈಲು ಬಂದ ಮೇಲೆ ಈ ಕಡೆ ಮನೆ ಮಾಡಿ, ಮೊದಲು ಒಬ್ಬರ ಮನೆಯ ಮುಂದಿನ ಕೋಣೆಯಲ್ಲೇ ಪ್ರಾರ್ಥನೆ ನಡೆಸಿದರಂತೆ. ಆಮೇಲೆ ಜಾಗ ಕೊಂಡು, ರಜೆಯ ದಿನ ತಾವೇ ಇಟ್ಟಿಗೆ ಹೊತ್ತರಂತೆ. ಹೆಂಗಸರು ಕೋಟಿನ ಲೈನಿಂಗ್ ತುಂಡುಗಳನ್ನು ಜೋಡಿಸಿ ಪವಿತ್ರ ಗ್ರಂಥದ ಕಪಾಟಿಗೆ ಪರದೆ ಹೊಲಿದರಂತೆ.

"ನೀಲಿ ಪರದೆ," ಎಂದರು ಕಾರ್ಯದರ್ಶಿ ಅಜ್ಜಿ.

"ಕೆಂಪು. ನೀನು ಆಗ ತೊಟ್ಟಿಲಲ್ಲಿದ್ದೆ," ಎಂದರು ಅವರ ಅಣ್ಣ.

"ಪುಸ್ತಕ ಇದ್ದಿದ್ದರೆ ನಿನ್ನ ಬಾಯಿ ಮುಚ್ಚಿಸುತ್ತಿದ್ದೆ."

ಎಲ್ಲರೂ ಕುರ್ಚಿ ಜೋಡಿಸುತ್ತಿದ್ದ ತಮ್ಮನ ಕಡೆ ನೋಡಿದರು. ನಾನು ಕೆಟಲ್ ಕೆಳಗಿಟ್ಟು, ಇದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳಿಬಿಟ್ಟೆ. ಅದನ್ನು ಇಂಗ್ಲಿಷಿಗೆ ಮಾಡಬೇಕಾದವನು ಅವನೇ.

"ಅಕ್ಕಾ, ಇದನ್ನ ನಾ ಹ್ಯಾಂಗ ಹೇಳ್ಲಿ?"

"ನಾ ಹೇಳಿದಂಗ ಹೇಳು."

ಹೇಳಿದ. ಅರಿಷಿಣ ಕುಂಕುಮವನ್ನೂ ಬಿಡಲಿಲ್ಲ.

"ನಾವು ಮಣ್ಣಿಗೆ, ನೀವು ನೀರಿಗೆ. ಆದರೂ ಒಂದು ಮಾತು ಕೇಳಬೇಕಿತ್ತು," ಎಂದರು ಅಜ್ಜಿ. ಎದ್ದು ಹೋಗಿ ತಮ್ಮನ ಕ್ಷಮೆ ಕೇಳಿ, ಕೀಲಿ ಅವನ ಕೈಗಿಟ್ಟರು. ಹೊಸ ಪುಸ್ತಕದಲ್ಲಿ ಪರದೆಗೆ ಎರಡೂ ಬಣ್ಣ ಬರೆದರು.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಕೇಳಿದ, "ಎರಡು ತಿಂಗಳು ಹ್ಯಾಂಗ ಸುಮ್ಮನಿದ್ದಿ, ಅಕ್ಕಾ?"

ನಾನು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದೆ. ಅವನು ತಟ್ಟೆ ಮುಂದೆ ಮಾಡಿ ಇನ್ನೊಂದು ರೊಟ್ಟಿ ಕೇಳಿದ.