ಮಕ್ಕಳೆಂದರೆ ಪ್ರಾಣ
ದಾದರಿನ ಹೋಟೆಲ್ ಮಾಲಕ ಶೇಖರಣ್ಣನಿಗೆ ಮಕ್ಕಳೆಂದರೆ ಪ್ರಾಣ. ಊರಿನ ದೈವಕ್ಕೆ ಕೈಮುಗಿಯಲು ಮರೆತಾನು, ದಹಿಸರಿನ ಮಕ್ಕಳ ಆಶ್ರಮವನ್ನು ಮರೆಯಲಾರ. ತನ್ನ ಹುಟ್ಟುಹಬ್ಬಕ್ಕೆ, ಹೆಂಡತಿಯ ಹುಟ್ಟುಹಬ್ಬಕ್ಕೆ, ಹೊಸ ಕಾರು ಬಂದರೆ, ಕೊನೆಗೆ ಮನೆಯ ನಾಯಿ ಮರಿ ಹಾಕಿದರೂ ಅಲ್ಲಿಗೆ ಹಂಡೆ ತುಂಬ ಪಾಯಸ ಹೋಗುತ್ತದೆ. ತಾನೇ ಸೌಟು ಹಿಡಿದು ಬಡಿಸುತ್ತಾನೆ. ಫೋಟೋ ತೆಗೆದಾಗುವವರೆಗೆ ಯಾವ ಮಗುವೂ ಬಾಯಿಗಿಡುವಂತಿಲ್ಲ. “ತಂದೆ ತಾಯಿ ಇಲ್ಲದ ಪಾಪದ ಮಕ್ಕಳು ಮಾರಾಯ್ರೆ,” ಎಂದು ಜೊತೆಗೆ ಬಂದವರೆದುರು ಕಣ್ಣೊರೆಸಿಕೊಳ್ಳುತ್ತಾನೆ. ಆ ಸಾಲಿನಲ್ಲಿ ಕೂತ ಹುಡುಗಿ ಶಿವಕುಮಾರಿಗೆ ತಾಯಿ ಇದ್ದಾಳೆ. ಶೇಖರಣ್ಣನದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹನುಮವ್ವ. “ಸಾವ್ಕಾರ್ರ, ಸಂಜಿಮುಂದ ಲಗೂ ಬಿಡ್ರಿ, ಖೋಲಿಯಾಗ ಹುಡುಗಿ ಒಬ್ಬಾಕೇ ಇರ್ತಾಳ್ರೀ,” ಎಂದು ಅವಳು ಹಿಂದೊಮ್ಮೆ ಬೇಡಿಕೊಂಡಿದ್ದಳು. “ಗಿರಾಕಿ ಬರುವುದೇ ಸಂಜೆ ಅಲ್ವಾ ಮಾರಾಯ್ತಿ? ಬೇಕಾದ್ರೆ ಮಗುವನ್ನು ಆಶ್ರಮಕ್ಕೆ ನಾನೇ ಸೇರಿಸಿ ಕೊಡ್ತೇನೆ,” ಎಂದಿದ್ದ ಶೇಖರಣ್ಣ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಪಾಯಸ ಹೋದ ದಿನ ಸಂಜೆ ಹಂಡೆ ಮರಳಿ ಹೋಟೆಲಿನ ಪಾತ್ರೆ ತೊಳೆಯುವ ಮೋರಿಗೆ ಬರುತ್ತದೆ. ನಲ್ಲಿ ತಿರುಗಿಸುವ ಮೊದಲು ಹನುಮವ್ವ ಒಳಗೆ ಬಗ್ಗಿ ನೋಡುತ್ತಾಳೆ. ತಳದಲ್ಲಿ ಏನೂ ಉಳಿದಿಲ್ಲವಾದರೆ, ಮಗಳು ಹೊಟ್ಟೆ ತುಂಬ ಉಂಡಿದ್ದಾಳೆ ಎಂದುಕೊಂಡು ತಿಕ್ಕತೊಡಗುತ್ತಾಳೆ.