ಅಕ್ಕನ ಎಕೋ, ನನ್ನ ಗಿಟಾರು

ಮೊನ್ನೆ ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಗೆ ಹೋಗಿದ್ದೆ. ಕುರ್ಚಿ ಸಿಕ್ಕಿದ್ದು ವೇದಿಕೆಯ ಹತ್ತಿರ. ಹಾಡುವವರ ಮುಖ ಬಿಟ್ಟು ನನ್ನ ಕಣ್ಣು ಗಿಟಾರಿನವನ ಕಾಲಿನ ಮೇಲೇ ನಿಂತುಬಿಟ್ಟಿತ್ತು. ಅವನ ಪಾದದ ಮುಂದೆ ಊಟದ ತಟ್ಟೆಯಷ್ಟು ಅಗಲದ ಒಂದು ಹಲಗೆ, ಅದರ ತುಂಬ ಕೆಂಪು ಹಸಿರು ದೀಪಗಳು. ಶೂ ತುದಿಯಿಂದ ಒಂದನ್ನು ಒತ್ತಿದರೆ ಅಷ್ಟು ಹೊತ್ತು ಸಾಧುವಾಗಿದ್ದ ಗಿಟಾರು ಗರ್ಜಿಸುತ್ತಿತ್ತು; ಇನ್ನೊಮ್ಮೆ ಒತ್ತಿದರೆ ಮತ್ತೆ ಸಾಧು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಏನ್ರೀ, ಅವನ ಕಾಲನ್ನ ಹಂಗ್ ನೋಡ್ತಿದೀರಾ, ಅಂಥ ಶೂ ಬೇಕಾ?" ಎಂದಳು. ನನ್ನ ತಲೆಯಲ್ಲಿದ್ದದ್ದು ಶೂ ಅಲ್ಲ, ಮಂಗಳಕ್ಕ. ಆದರೆ ಒಂದು ಒತ್ತುಗುಂಡಿಯಿಂದ ಅಕ್ಕನವರೆಗೆ ಹೋಗುವ ದಾರಿಯನ್ನು ಆ ಗದ್ದಲದಲ್ಲಿ ಹೇಳುವುದು ಹೇಗೆ? ನಿಮಗಾದರೆ ನಿಧಾನವಾಗಿ ಹೇಳಬಹುದು.

ಎಂಬತ್ತರ ದಶಕದ ಆರಂಭ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನಮ್ಮ ಕಡೆ ಕಾಯನ್ನು ಒಡೆಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಳಗಳ ಅನ್ನತೊಡಗಿದರೆ ಹದ ಬಂತು ಎಂದರ್ಥ. ಅಂಥ ಅಟ್ಟದ ಕೆಳಗಿನ ಪಡಸಾಲೆಯೇ ನಮ್ಮ ಆರ್ಕೆಸ್ಟ್ರಾದ ತಾಲೀಮಿನ ಜಾಗ. ಆರ್ಕೆಸ್ಟ್ರಾ ಎಂದರೆ ದೊಡ್ಡದೇನೂ ಅಲ್ಲ. ಡ್ರಮ್ಮಿಗೆ ನನ್ನ ಗೆಳೆಯ ನಾಗರಾಜ, ಹಾಡಿಗೆ ನನ್ನ ಸ್ವಂತ ಅಕ್ಕ ಸರ್ವಮಂಗಳ, ಗಿಟಾರಿಗೆ ನಾನು. ಊರಿನಲ್ಲಿ ಬೇರೆ ಗಿಟಾರು ಬಾರಿಸುವವರು ಇಲ್ಲದ್ದರಿಂದ ನಾನು ಒಳ್ಳೆಯ ಗಿಟಾರ್ ವಾದಕನಾಗಿದ್ದೆ.

ನನ್ನ ಆಂಪ್ಲಿಫೈಯರಿಗೆ ಎರಡು ದನಿ. ಒಂದು ತಿಳಿಯಾದದ್ದು, ಅಕ್ಕನ ಹಾಡಿನ ಹಿಂದೆ ಮೆತ್ತಗೆ ನಡೆಯುವಂಥದ್ದು. ಇನ್ನೊಂದು ಒರಟು, ಹಾಡಿನ ನಡುವೆ ನಾನೊಬ್ಬನೇ ಬಾರಿಸುವಾಗ ಜನ ತಲೆಯೆತ್ತಿ ನೋಡುವಂಥದ್ದು. ಒರಟು ದನಿ ಎಬ್ಬಿಸಿದಾಗಲೆಲ್ಲ ಅಟ್ಟದ ಮೇಲಿನ ಕಾಯಿಗಳೂ ದನಿಗೂಡಿಸುತ್ತಿದ್ದವು. ಅಪ್ಪ ಬಾಗಿಲಲ್ಲಿ ನಿಂತು, "ಲೇ, ಮೆಲ್ಲುಕ್ ಬಾರ್ಸಲಾ. ಕಾಯಿ ಹದಕ್ ಬಂದೈತೆ ಅಂತ ಹತ್ತಿ ನೋಡಿದ್ರೆ ಇನ್ನೂ ಹಸಿ. ಗಳಗಳ ಅಂದಿದ್ದು ನಿನ್ ಗಿಟಾರು!" ಎನ್ನುತ್ತಿದ್ದರು.

ತೊಂದರೆ ಇದ್ದದ್ದು ದನಿ ಬದಲಾಯಿಸುವುದರಲ್ಲಿ. ಅದರ ತಿರುಪು ಆಂಪ್ಲಿಫೈಯರಿನ ಹಿಂಬದಿಯಲ್ಲಿತ್ತು. ಅದರ ತಲೆಯ ಮೇಲೆ ಅಕ್ಕನ ಎಕೋ ಪೆಟ್ಟಿಗೆ ಕೂತಿರುತ್ತಿತ್ತು. ಹಾಡಿದ್ದನ್ನು ಟೇಪಿನ ಸುರುಳಿಯ ಮೇಲೆ ಹಿಡಿದು ಒಂದು ಚೂರು ತಡವಾಗಿ ಮರುನುಡಿಸುವ ಯಂತ್ರ ಅದು. ಸ್ವಲ್ಪವೇ ಇಟ್ಟರೆ ದನಿಗೆ ದೇವಸ್ಥಾನದ ಪ್ರಾಕಾರದ ಗುಂಗು ಬರುತ್ತಿತ್ತು. ಹೆಚ್ಚಾದರೆ ಬಾವಿಯೊಳಗೆ ಬಿದ್ದವರು ಕೂಗಿದಂತೆ. ಅಕ್ಕ ಬೆಳಗೆಲ್ಲ ಕೂತು, ಹಾಡಿ, ಕೇಳಿ, ತಿರುಗಿಸಿ, ತನಗೆ ಒಪ್ಪುವ ಜಾಗ ಸಿಕ್ಕಿದ ಮೇಲೆ ಹಣೆಯ ಸ್ಟಿಕ್ಕರನ್ನು ಕಿತ್ತು ಅಲ್ಲಿ ಗುರುತಿಗೆ ಅಂಟಿಸುತ್ತಿದ್ದಳು. "ಇದನ್ನ ಯಾರಾದ್ರೂ ಮುಟ್ಟಿದ್ರೋ, ಆಮೇಲೆ ನಾನು ಮನುಷ್ಯಳಲ್ಲ ಕಣೋ." ಮುಟ್ಟಬಹುದಾದವನು ಅಲ್ಲಿ ನಾನೊಬ್ಬನೇ.

ನನಗಿರುವುದು ಎರಡೇ ಕೈ, ಎರಡೂ ಗಿಟಾರಿನ ಮೇಲೆ. ಹಾಡಿನ ನಡುವೆ ದನಿ ಬದಲಾಗಬೇಕೆಂದರೆ ಒಂದು ಕೈ ಬಿಟ್ಟು, ಬಗ್ಗಿ, ಪೆಟ್ಟಿಗೆಯ ಹಿಂದೆ ತಡಕಾಡಬೇಕು. ಆಗಿನ ಕಾಲಕ್ಕೆ ತಕ್ಕಂತೆ ನನ್ನ ಅಂಗಿಯ ತೋಳೂ ಅಗಲವಾಗಿತ್ತು. ಕಥೆ ಎತ್ತ ಹೋಗುತ್ತದೆಂದು ನಿಮಗೆ ಗೊತ್ತಾಗಿರಬೇಕು.

ತುರುವೇಕೆರೆಯಲ್ಲಿ ಒಂದು ಮದುವೆ. ಮುಹೂರ್ತ ಮುಗಿದಿತ್ತು, ನಮ್ಮ ಹಾಡು ನಡೆದಿತ್ತು, ಮಂಟಪ ಭರ್ತಿ. ಅಕ್ಕ ಒಂದು ಚರಣ ಮುಗಿಸಿ ನನ್ನ ಸರದಿಗಾಗಿ ಪಕ್ಕಕ್ಕೆ ಸರಿದಳು. ಅದೇ ಸಮಯ ನೋಡಿಕೊಂಡು ಹುಡುಗಿಯ ಸೋದರಮಾವ ಮೈಕಿನ ಮುಂದೆ ಬಂದು, ಗಂಡಿನ ಕಡೆಯವರು ಮಾತ್ರ ಊಟಕ್ಕೆ ಏಳಬೇಕು ಎಂದು ಹೇಳಲು ಹೊರಟರು. ನಾನು ತಿರುಪಿಗಾಗಿ ಬಗ್ಗಿದೆ. ನನ್ನ ತೋಳು ಎಕೋ ಗುಂಡಿಯನ್ನು ಕೊನೆಯವರೆಗೂ ಎಳೆದುಕೊಂಡು ಹೋಯಿತು. "ಗಂಡಿನ ಕಡೆಯೋರು ಊಟಕ್ಕೆ ಏಳಿ" ಎಂಬ ಅವರ ಮಾತಿನ ಮೊದಲ ಭಾಗ ಗಲಾಟೆಯಲ್ಲಿ ಕಲಸಿಹೋಗಿ, "ಊಟಕ್ಕೆ ಏಳಿ... ಏಳಿ... ಏಳಿ... ಏಳಿ..." ಎಂಬುದಷ್ಟೇ ಮಂಟಪದ ತುಂಬ ಸುತ್ತತೊಡಗಿತು. ಇಡೀ ಮಂಟಪ ಒಟ್ಟಿಗೆ ಎದ್ದಿತು. ಅಕ್ಕ ಮುಂದಿನ ಚರಣಕ್ಕೆ ಮೈಕು ಹಿಡಿಯುವ ಹೊತ್ತಿಗೆ ಎದುರಿಗಿದ್ದದ್ದು ಖಾಲಿ ಕುರ್ಚಿಗಳು, ಒಳಗಿನಿಂದ ಸೋದರಮಾವನ ಅರಚಾಟ.

ಅಕ್ಕ ಮೈಕನ್ನು ಕೆಳಗಿಟ್ಟಳು. "ಇನ್ಮೇಲೆ ನೀನೇ ಹಾಡ್ಕೋ, ನೀನೇ ಬಾರ್ಸ್ಕೋ" ಎಂದಳು. ಅಕ್ಕ ಕೂಗಾಡಿದರೆ ನನಗೆ ಹೆದರಿಕೆಯಿಲ್ಲ. ಅಂದು ಅವಳು ಕೂಗಲಿಲ್ಲ, ಕಣ್ಣು ತುಂಬಿಕೊಂಡಿದ್ದಳು. ನನಗೆ ನಿಂತಲ್ಲೇ ಕರಗಿಹೋಗುವ ಹಾಗಾಯಿತು.

ಅಷ್ಟೂ ಜನರಲ್ಲಿ ಊಟಕ್ಕೇಳದೆ ಉಳಿದವನು ಒಬ್ಬನೇ. ಬಿಳಿ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರ್. ಚಿಕ್ಕನಾಯಕನಹಳ್ಳಿಯಲ್ಲಿ ರೇಡಿಯೋ ಅಂಗಡಿ ಇಟ್ಟಿರುವ ಗಂಗಾಧರ ಎಂದು ಪರಿಚಯ ಹೇಳಿಕೊಂಡು ವೇದಿಕೆಗೆ ಬಂದ.

"ಕೈ ಎರಡೂ ಗಿಟಾರ್ ಮೇಲಿರೋವಾಗ ತಿರುಪು ತಿರುಗ್ಸು ಅಂದ್ರೆ ಯಾರ್ ತಿರುಗುಸ್ತಾರೆ ಹೇಳಿ? ಕಾಲು ಸುಮ್ನೆ ನಿಂತೈತಲ್ಲ, ಅದಕ್ ಕೆಲ್ಸ ಕೊಡೋಣ."

ಮುಂದಿನ ಭಾನುವಾರ ಅವನು ಬಸ್ಸಿಳಿದು ನಮ್ಮ ಮನೆಗೆ ಬಂದ. ಕೈಚೀಲದಲ್ಲಿ ಲಾರಿಯ ಡಿಪ್ಪರ್ ಸ್ವಿಚ್ಚು. ಆಗಿನ ಲಾರಿಗಳಲ್ಲಿ ಎದುರಿನಿಂದ ಗಾಡಿ ಬಂದರೆ ಡ್ರೈವರು ಕಾಲಿನಲ್ಲೇ ಒತ್ತಿ ದೀಪದ ಬೆಳಕನ್ನು ಕೆಳಕ್ಕಿಳಿಸುತ್ತಿದ್ದ, ಮತ್ತೊಮ್ಮೆ ಒತ್ತಿ ಮೇಲಕ್ಕೇರಿಸುತ್ತಿದ್ದ. ಆ ಸ್ವಿಚ್ಚೇ ಇದು. ಇದನ್ನು ಒಂದು ಹಲಗೆಗೆ ಬಿಗಿದು, ಉದ್ದನೆಯ ವೈರು ಎಳೆದು, ಆಂಪ್ಲಿಫೈಯರಿನೊಳಗೆ ದನಿ ಬದಲಾಗುವ ಜಾಗಕ್ಕೆ ಸೇರಿಸುವುದು ಅವನ ಉಪಾಯ. ಬೆಳಕಿನ ಬದಲು ದನಿ ಇಳಿಯುತ್ತದೆ, ಏರುತ್ತದೆ. ಮೇಲಿರುವ ಎಕೋಗೆ ಸುದ್ದಿಯೇ ಗೊತ್ತಾಗುವುದಿಲ್ಲ.

ಅಕ್ಕ ಕೈಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಆಂಪ್ಲಿಫೈಯರ್ ಬಿಚ್ಚುವ ಮೊದಲು ಗಂಗಾಧರ ತಲೆಯೆತ್ತಿ ಕೇಳಿದ: "ಈ ಮೇಲಿನ ಪೆಟ್ಟಿಗೆ ಯಾರ್ದು?"

"ನಂದು."

"ಹಂಗಾರೆ ನೀವೇ ಇಳ್ಸಿ ಮಡಗಿ. ಗುರ್ತು ಮಾಡ್ಕೊಂಡಿದೀರಿ, ನಾನ್ ಮುಟ್ಟಲ್ಲ."

ಅಕ್ಕ ಕೈಕಟ್ಟು ಬಿಚ್ಚಿದಳು. ಅಡುಗೆಮನೆಯಿಂದ ಇಣುಕುತ್ತಿದ್ದ ಅವ್ವ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳೆಂದು ನನ್ನ ಅನುಮಾನ.

ಮೊದಲ ಸಲ ಒತ್ತಿದಾಗ ಸ್ಪೀಕರಿನಿಂದ ಪಟಾಕಿ ಹೊಡೆದಂಥ ಸದ್ದು ಬಂದು ನಾಗರಾಜ ಡ್ರಮ್ಮಿನ ಹಿಂದೆ ಅಡಗಿದ. ಅದನ್ನು ಸರಿಮಾಡಲು ಗಂಗಾಧರ ಮತ್ತೆ ಬರಬೇಕಾಯಿತು. ಆಮೇಲೆ ವೈರು ಬದಲಾಯಿಸಲು ಬಂದ. ಆಮೇಲೆ, ಎಲ್ಲ ಸರಿಯಿದೆಯೇ ಎಂದು ಕೇಳಲು ಬಂದ. "ಈ ಸ್ವಿಚ್ಚಿಗೆ ಎಷ್ಟಪ್ಪಾ ರಿಪೇರಿ!" ಎಂದು ಅಪ್ಪ ಅಚ್ಚರಿಪಟ್ಟರು. ಅವ್ವನಿಗೆ ಅಚ್ಚರಿಯಾಗಲಿಲ್ಲ.

ಮಾತುಕತೆ ಶುರುವಾಯಿತು. ಜಾತಕ ಕೂಡಿತು, ಮನೆತನ ಒಪ್ಪಿತು. ಅಡ್ಡ ಬಂದದ್ದು ಶೆಟ್ಟಿಕೆರೆಯಲ್ಲಿದ್ದ ಗಂಗಾಧರನ ತಾಯಿಯ ಒಂದು ಮಾತು. "ಹುಡ್ಗಿ ಲಕ್ಷಣ್ವಾಗವ್ಳೆ. ಆದ್ರೆ ಮದ್ವೆ ಆದ್ಮೇಲೆ ಈ ಸ್ಟೇಜು, ಮೈಕು ಎಲ್ಲಾ ಬುಟ್‌ಬುಡ್ಬೇಕು." ಅಕ್ಕನ ಉತ್ತರ ಇನ್ನೂ ಚಿಕ್ಕದು: "ಹಂಗಾದ್ರೆ ಬ್ಯಾಡ." ಅಪ್ಪ ಊಟ ಬಿಟ್ಟರು, ಅವ್ವ ಮಾತು ಬಿಟ್ಟಳು. ಗಂಗಾಧರ ಮಾತ್ರ ತನ್ನ ತಾಯಿಗೆ, "ಒಂದ್ಸಲ ಕೇಳವ್ವ, ಆಮೇಲ್ ಹೇಳು" ಎಂದನಂತೆ.

ನಾಗರಾಜನ ತಂಗಿಯ ಮದುವೆ ದಂಡಿನಶಿವರದಲ್ಲಿ ನಡೆಯಿತು. ಆ ತಾಯಿ ಬಂದು ಮೊದಲ ಸಾಲಿನಲ್ಲಿ ಕೂತರು, ಮುಖದ ಮೇಲೆ ನಗುವಿಲ್ಲ. ಅಕ್ಕ ಆರಿಸಿದ್ದು ಮೆಲ್ಲಗೆ ಶುರುವಾಗಿ, ನಡುವೆ ನನ್ನ ಗಿಟಾರು ಅಬ್ಬರಿಸಿ, ಮತ್ತೆ ಒಮ್ಮೆಲೇ ಮೆಲ್ಲಗಾಗುವ ಹಾಡು. ಆ ತಿರುವಿನಲ್ಲಿ ಗಿಟಾರು ಒರಟಾಗಿಯೇ ಉಳಿದರೆ ಅಕ್ಕನ ದನಿ ಯಾರಿಗೂ ಕೇಳಿಸುವುದಿಲ್ಲ.

ಅಬ್ಬರ ಚೆನ್ನಾಗಿಯೇ ಬಂತು. ಬಾರಿಸುತ್ತಾ ಮೈಮರೆತು ಹೆಜ್ಜೆ ಹಾಕಿದೆನೋ ಏನೋ, ಸ್ವಿಚ್ಚಿನ ಹಲಗೆ ಜಮಖಾನದ ಮೇಲೆ ಜಾರಿಕೊಂಡು ಅಕ್ಕನ ಕಡೆ ಹೊರಟುಹೋಯಿತು. ನಾನು ಕಾಲು ಚಾಚಿದೆ, ಸಿಗಲಿಲ್ಲ. ಇನ್ನೂ ಚಾಚಿದೆ. ನೋಡಿದವರಿಗೆ ಹಳ್ಳ ದಾಟಲು ಹೊರಟವನಂತೆ ಕಂಡಿರಬೇಕು. ಚರಣ ಬಂದೇಬಿಟ್ಟಿತು. ಗಂಗಾಧರ ಕುರ್ಚಿಯಿಂದ ಅರ್ಧ ಎದ್ದದ್ದು ಕಾಣಿಸಿತು.

ಅಕ್ಕ ಕಣ್ಣು ಮುಚ್ಚಿಯೇ ಇದ್ದಳು. ಸೀರೆಯ ನೆರಿಗೆಯ ಕೆಳಗಿನಿಂದ ಅವಳ ಬಲಗಾಲು ಹೊರಬಂದು, ಹೊಲಿಗೆ ಯಂತ್ರ ತುಳಿದಷ್ಟು ಸಲೀಸಾಗಿ ಸ್ವಿಚ್ಚನ್ನು ಒತ್ತಿತು. ಗಿಟಾರು ತಣ್ಣಗಾಯಿತು. ಅದೇ ಉಸಿರಿನಲ್ಲಿ ಅವಳು ಚರಣ ಎತ್ತಿಕೊಂಡಳು. ಎಕೋ ಅವಳಿಟ್ಟಲ್ಲೇ ಇತ್ತು. ದನಿ ಮಂಟಪದ ಕೊನೆಯ ಗೋಡೆಯವರೆಗೂ ಹೋಗಿ ಮೆತ್ತಗೆ ತಿರುಗಿ ಬಂತು. ಒಬ್ಬರೂ ಊಟಕ್ಕೆ ಏಳಲಿಲ್ಲ.

ಹಾಡು ಮುಗಿದ ಮೇಲೆ ಆ ತಾಯಿ ಅಕ್ಕನನ್ನು ಹತ್ತಿರ ಕರೆದರು. "ಅಲ್ಲ ಕಣೇ, ಹಾಡ್ತಾ ಹಾಡ್ತಾ ಕಾಲಲ್ಲಿ ಅದೇನೋ ಒತ್ತಿದ್ಯಲ್ಲ, ಏನದು?"

"ಇವನು ಒತ್ತಬೇಕಾಗಿದ್ದು ಅತ್ತೆ. ಇವನಿಗೆ ಸಿಗ್ಲಿಲ್ಲ."

'ಅತ್ತೆ' ಎಂದದ್ದು ಬಾಯಿ ತಪ್ಪಿಯೋ ಬೇಕೆಂದೋ, ಅಕ್ಕ ಇಂದಿಗೂ ಹೇಳಿಲ್ಲ. ಆ ತಾಯಿ ಮಗನ ಕಡೆ ತಿರುಗಿದರು. "ಬಾಯಲ್ಲಿ ಹಾಡು, ಕಾಲಲ್ಲಿ ಕೆಲ್ಸ. ಇವಳನ್ನ ಸುಮ್ನಿರು ಅನ್ನಕ್ಕೆ ನನ್ ಕೈಲಾಯ್ತದೇನ್ಲಾ? ಹಾಡ್ಕೊಳ್ಳಿ ಬುಡು." ನಾಗರಾಜ ಡ್ರಮ್ಮಿಗೆ ಒಂದೇಟು ಹೊಡೆದ. ಮದುವೆಯ ಓಲಗದವರು ತಮ್ಮನ್ನೇ ಕರೆದರೆಂದುಕೊಂಡು ಊದತೊಡಗಿದರು.

ಮದುವೆಯಾದ ಮೇಲೆ ಅಕ್ಕ ಹಾಡಿದ ಕಡೆಯೆಲ್ಲ ಆ ಅತ್ತೆ ಎಲೆಅಡಿಕೆ ಚೀಲ ಹಿಡಿದು ಹಾಜರಿರುತ್ತಿದ್ದರು. ಹಾಡಿನ ನಡುವೆ ಯಾರಾದರೂ ಮಾತಾಡಿದರೆ ತಿರುಗಿ ಗದರುತ್ತಿದ್ದವರೂ ಅವರೇ.

ಮೊನ್ನೆ ಆರತಕ್ಷತೆಯಿಂದ ಬಂದವನು ಅಕ್ಕನಿಗೆ ಫೋನು ಮಾಡಿದೆ. ಆ ಕಡೆ ಹತ್ತಾರು ಹೆಂಗಸರು ಒಟ್ಟಿಗೆ ಹಾಡುವ ಸದ್ದು. ಬೀದಿಯವರನ್ನೆಲ್ಲ ಸೇರಿಸಿಕೊಂಡು ಮನೆಯಲ್ಲೇ ಹಾಡು ಕಲಿಸುತ್ತಿದ್ದಾಳೆ.

"ಏನ್ಲಾ, ಸುಮ್ನೆ ಮಾಡಿದ್ಯಾ? ಹಾರ್ಮೋನಿಯಂ ಒಂದೇ ಸಾಲ್ತಾ ಇಲ್ಲ ಕಣೋ. ನೀನ್ ಬಂದ್ರೆ ಆಯ್ತದೆ."

"ಅಕ್ಕಾ, ನಾನು ಗಿಟಾರ್ ಮುಟ್ಟಿ ಎಷ್ಟೋ ವರ್ಷ ಆಯ್ತು."

"ಇವಕ್ಕೂ ಹಾಡಕ್ ಬರಲ್ಲ ಬುಡು. ಒಟ್ಗೆ ಕಲ್ತ್ಕೊಳ್ಳೋರಂತೆ."

ಇಂದು ಬೆಳಗ್ಗೆ ಹೊಸ ತಂತಿ ತಂದು ಕಟ್ಟಿ ಕೂತೆ. ಒಂದು ಕಾಲಕ್ಕೆ ಕಲ್ಲಿನಂತಿದ್ದ ಬೆರಳ ತುದಿಗಳು ಈಗ ಬೆಣ್ಣೆಯಂತಾಗಿವೆ. ಎರಡು ಸಲ ಒತ್ತಿ ಹಿಡಿಯುವಷ್ಟರಲ್ಲಿ ತಂತಿಯ ಗೆರೆ ಮೂಡಿ ಉರಿಯತೊಡಗಿತು. ಬೆರಳಿಗೆ ಗಾಳಿ ಊದಿ ಇನ್ನೊಮ್ಮೆ ಒತ್ತಿದೆ. ಶ್ರುತಿ ಸೇರಲಿಲ್ಲ. ಅಡುಗೆಮನೆಯಿಂದ ಹೆಂಡತಿ, "ಏನ್ರೀ ಅದು ಸದ್ದು?" ಎಂದಳು.

"ಹೊಸಬ ಕಣೇ," ಎಂದೆ, "ಈಗಿನ್ನೂ ಕಲೀತಿದಾನೆ."