ಎರಡನೇ ಬ್ರೇಕಿನ ಮೇಲಿನ ಕಾಲು

ಡ್ರೈವಿಂಗ್ ಲೈಸೆನ್ಸ್ ಕೊಡುವ ಆ ಕಚೇರಿಯಲ್ಲಿ ಒಬ್ಬ ಪರೀಕ್ಷಕರಿಗೆ ತಕ್ಕಡಿ ಎಂದೇ ಹೆಸರು. ಗಾಡಿ ಕಲಿತು ಬಂದವರ ಪಕ್ಕದ ಸೀಟಿನಲ್ಲಿ ಕೂತು ಪಾಸೋ ಫೇಲೋ ಹೇಳುವುದು ಅವರ ಕೆಲಸ. ಮುಖದಾಕ್ಷಿಣ್ಯಕ್ಕೆ ಜಗ್ಗಿದವರಲ್ಲ, ಸ್ವಂತ ಭಾವಮೈದುನನನ್ನೇ ಫೇಲು ಮಾಡಿ ಹೆಂಡತಿಯ ಮುನಿಸು ಕಟ್ಟಿಕೊಂಡವರು. ಹೆಂಗಸರ ಡ್ರೈವಿಂಗನ್ನು ಹಗುರವಾಗಿ ಕಾಣುವವರೆಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಅವರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದೇ ಅವರ ಅಕ್ಕ. ಲಾರಿ ಓಡಿಸಿ ತಮ್ಮನನ್ನು ಓದಿಸಿದವಳು.

ಒಮ್ಮೆ ಮನಃಶಾಸ್ತ್ರದ ಸಂಶೋಧಕಿಯೊಬ್ಬಳು ಕಚೇರಿಗೆ ಬಂದಳು. ನಮಗೇ ಗೊತ್ತಾಗದಂತೆ ನಮ್ಮೊಳಗೆ ಬೀಡುಬಿಟ್ಟಿರುವ ಪೂರ್ವಗ್ರಹವನ್ನು ಅಳೆಯುವ ಪರೀಕ್ಷೆ ಅವಳದು. ಕಂಪ್ಯೂಟರ್ ಪರದೆಯ ಮೇಲೆ ಗಂಡಸರ ಮುಖ, ಹೆಂಗಸರ ಮುಖ, 'ನಿಪುಣ', 'ಎಡವಟ್ಟು' ಎಂಬಂಥ ಪದಗಳು ಪಟಪಟನೆ ಬರುತ್ತವೆ. ಒಂದು ಸುತ್ತಿನಲ್ಲಿ ಗಂಡಸಿಗೂ ನಿಪುಣಕ್ಕೂ ಒಂದೇ ಗುಂಡಿ. ಇನ್ನೊಂದರಲ್ಲಿ ಹೆಂಗಸಿಗೂ ನಿಪುಣಕ್ಕೂ ಒಂದೇ ಗುಂಡಿ. ಯಾವ ಜೋಡಿಗೆ ಬೆರಳು ತಡವರಿಸುತ್ತದೆ ಎಂಬುದರ ಮೇಲೆ ಫಲಿತಾಂಶ.

ತಕ್ಕಡಿಯವರು ನಗುನಗುತ್ತಲೇ ಕೂತರು. ಹೆಂಗಸು, ನಿಪುಣ ಎರಡೂ ಒಂದೇ ಗುಂಡಿಗೆ ಬಂದಾಗ ಬೆರಳು ಕೆಸರಲ್ಲಿ ಹೂತಂತಾಯಿತು. ಗಂಡಸರ ಕಡೆ ಬಲವಾದ ಒಲವು ಎಂದಿತು ಪರದೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

"ನಾನಾ? ಅಕ್ಕನ ಕೈಲಿ ಗಾಡಿ ಕಲಿತೋನಮ್ಮ ನಾನು."

"ಮುಂದಿನ ವಾರ ಇನ್ನೊಂದ್ಸಲ ಮಾಡಿ ಸರ್," ಎಂದಳು ಅವಳು.

ಮುಂದಿನ ವಾರ ಅದೇ ಪರದೆ ಯಾವ ಒಲವೂ ಇಲ್ಲ ಎಂದಿತು. ಅದರ ಮುಂದಿನ ವಾರ ಹೆಂಗಸರ ಕಡೆಗೇ ಕೊಂಚ ವಾಲಿತು.

"ಹಾಗಾದ್ರೆ ಇದರಲ್ಲಿ ಯಾವುದು ನಿಜ?"

"ಸಾವಿರಾರು ಜನರನ್ನ ಒಟ್ಟಿಗೆ ನೋಡಿದ್ರೆ ಏನೋ ಒಂದು ಕಾಣುತ್ತೆ ಸರ್. ಒಬ್ಬರನ್ನೇ ಕೂರಿಸಿ 'ನೀವು ಇಂಥೋರು' ಅನ್ನೋಕೆ ನಂಗೆ ಧೈರ್ಯ ಇಲ್ಲ. ಇದು ಅಳೆಯೋದು ಮನಸ್ಸನ್ನೋ, ಜನರ ಮಾತು ಕೇಳಿಕೇಳಿ ಆದ ಅಭ್ಯಾಸವನ್ನೋ, ಬರೀ ಬೆರಳಿನ ಚುರುಕನ್ನೋ, ಅದಕ್ಕೆ ನಮ್ಮಲ್ಲೇ ಜಗಳ ಇದೆ."

ಅವಳು ಹೀಗೆ ಕೈಚೆಲ್ಲಿದ್ದು ಕಂಡು ತಕ್ಕಡಿಯವರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮರುದಿನ ಡ್ರೈವಿಂಗ್ ಪರೀಕ್ಷೆಗೆ ಬಂದ ಹೆಂಗಸಿನ ಪಕ್ಕ ಕೂತಾಗ ಕಣ್ಣು ತಾನಾಗಿ ತಮ್ಮ ಪಾದದತ್ತ ಹೋಯಿತು. ಪರೀಕ್ಷಕರ ಬದಿಗೂ ಒಂದು ಬ್ರೇಕು ಇರುತ್ತದೆ. ಪಾದ ಆಗಲೇ ಅದರ ಮೇಲೆ ತೂಗುತ್ತಿತ್ತು. ಮಧ್ಯಾಹ್ನ ಗಂಡಸೊಬ್ಬ ಬಂದಾಗಲೂ ನೋಡಿಕೊಂಡರು. ಪಾದ ಕೆಳಗೆ ತೆಪ್ಪಗಿತ್ತು. ಆದರೆ ಯಾವಾಗಲೂ ಹೀಗೆಯೋ, ತಾವು ನೋಡುತ್ತಿದ್ದೇವೆಂದು ಹೀಗೋ? ಸಂಶೋಧಕಿ ಅವರ ಕೋರಿಕೆಯಂತೆ ಬ್ರೇಕಿಗೆ ಒತ್ತಡ ಅಳೆಯುವ ಪುಟ್ಟ ಯಂತ್ರ ಜೋಡಿಸಿದಳು. ಅದಿದೆ ಎಂದು ಗೊತ್ತಾದದ್ದೇ ತಡ, ಯಾರೇ ಓಡಿಸಲಿ, ಪಾದ ಹೊಸ ಮದುಮಗನಂತೆ ಗಂಭೀರವಾಗಿ ಕೂತುಬಿಟ್ಟಿತು.

ಭಾನುವಾರ ಅಕ್ಕ ತಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸುತ್ತಾಡಲು ಹೊರಟಳು. ತಿರುವೊಂದರಲ್ಲಿ ಅವರ ಕಾಲು ಬ್ರೇಕೇ ಇಲ್ಲದ ನೆಲವನ್ನು ಒತ್ತಿತು.

"ನೋಡಿದ್ಯಾ ಅಕ್ಕ, ಇದು ನಿನ್ನನ್ನೂ ನಂಬಲ್ಲ," ಎಂದರು.

ಅಕ್ಕ ಗೇರು ಬದಲಿಸಿದಳು. "ಹುಚ್ಚಪ್ಪ, ಅಪ್ಪ ಓಡಿಸ್ತಿದ್ದಾಗಲೂ ನೀನು ಹೀಗೇ ಮಾಡ್ತಿದ್ದೆ. ಒಂದ್ಸಲ ಸೇತುವೆಗೆ ಗುದ್ದಿದ್ರಲ್ಲ, ಆವತ್ತಿಂದ. ಕಾಲು ನೆಲಕ್ಕೆ ಎಟುಕ್ತಾ ಇರಲಿಲ್ಲ ನಿಂಗೆ, ಗಾಳೀನೇ ಒತ್ತುತ್ತಿದ್ದೆ."

ಆ ಡಿಕ್ಕಿ ತಕ್ಕಡಿಯವರಿಗೆ ಎಳ್ಳಷ್ಟೂ ನೆನಪಿರಲಿಲ್ಲ. ಕಾಲು ಮಾತ್ರ ಮರೆತಿರಲಿಲ್ಲ. ಈ ಒಂದು ಒತ್ತಿನಲ್ಲಿ ಹಳೆಯ ಹೆದರಿಕೆ ಎಷ್ಟು, ಎಲ್ಲೆಲ್ಲಿಂದಲೋ ಬಂದು ಸೇರಿದ ತಾತ್ಸಾರ ಎಷ್ಟು, ಯಾರು ಬಿಡಿಸಿ ಹೇಳಿಯಾರು? ಇಷ್ಟು ವರ್ಷ ಜೊತೆಗಿದ್ದ ತಮ್ಮದೇ ಪಾದವನ್ನು ಅವರು ಮೊದಲ ಸಲ ಕಡಲು ಕಂಡವರಂತೆ ನೋಡುತ್ತ ಕೂತರು.

ಕಚೇರಿಗೆ ಮರಳಿದ ಮೇಲೆ ಇದನ್ನು ಸಂಶೋಧಕಿಗೆ ಹೇಳಿದರು. "ಇದನ್ನ ಯಾವ ಗುಂಡೀಲಿ ಒತ್ತಿಸಲಿ ಸರ್ ನಾನು?" ಎಂದಳು ಅವಳು.

ಮನಸ್ಸನ್ನು ಅಳೆಯಲಾಗದಿದ್ದರೆ ಹೋಗಲಿ, ತೀರ್ಪಾದರೂ ನೇರವಾಗಿರಲೆಂದು ತಕ್ಕಡಿಯವರು ಮೇಲಧಿಕಾರಿಗಳ ಬೆನ್ನು ಹತ್ತಿದರು. ಈಗ ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಪರೀಕ್ಷಕಿ ಕೂರುತ್ತಾರೆ. ಇಬ್ಬರೂ ಬೇರೆಬೇರೆಯಾಗಿ ಅಂಕ ಕೊಡುತ್ತಾರೆ. ಹೆಚ್ಚಾಗಿ ಹೊಂದಿಕೆಯಾಗುತ್ತದೆ. ಆಗದಿದ್ದಾಗ, ಮೊದಲೆಲ್ಲ ಪಟ್ಟು ಹಿಡಿಯುತ್ತಿದ್ದ ತಕ್ಕಡಿಯವರು ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, "ನಿಮಗೇನು ಕಾಣಿಸ್ತು, ಹೇಳಿ," ಎಂದು ಕುತೂಹಲದಿಂದ ಕೇಳುತ್ತಾರೆ.